ಒಂದು ತಗಡಿನ ದಪ್ಪ

ಫೆಬ್ರವರಿ ೨೨

ದೊಡ್ಡವಳೇ,

ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಕನ್ನಡಕದ ಒಂದು ಗಾಜು ಒಡೆದಿದೆ. ಹಾಗಾಗಿ ನಾನು ಹೇಳುತ್ತಿದ್ದೇನೆ, ನಿನ್ನ ತಂಗಿ ಬರೆಯುತ್ತಿದ್ದಾಳೆ. ಎಲ್ಲಾದರೂ ಮಾತು ತೀರಾ ಸಿಹಿಯಾಗಿ ಕಂಡರೆ ಅದು ಅವಳು ಸೇರಿಸಿದ್ದು ಎಂದು ತಿಳಿ.

ವಿಷಯ ಮುದುಕನದ್ದು. ದೋಣಿಯ ಇಂಜಿನ್‌ಗೆ ಈ ಹೆಸರಿಟ್ಟವಳು ನೀನೇ, ಈಗ ಕಡವಿನಲ್ಲಿ ಹೊಳೆ ದಾಟುವವರೆಲ್ಲ ಹಾಗೇ ಕರೆಯುತ್ತಾರೆ. ನೀನು ಜನವರಿಯಲ್ಲಿ ಬಂದು ಕೈಯಾಡಿಸಿ ಹೋದ ಮೇಲೆ ಕೆಲವು ದಿನ ಹರೆಯ ಬಂದವನ ಹಾಗೆ ಓಡಿದ. ಈಗ ಮತ್ತೆ ಹಠ. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಹೊಗೆ ಕಪ್ಪು, ಆಯಿಲ್ ಕುಡಿಯುತ್ತಾನೆ. ಎರಡು ವಾರದಿಂದ ದೋಣಿ ಕಟ್ಟಿಹಾಕಿದೆ. ಜನ ಮೇಲಿನ ಸೇತುವೆ ಸುತ್ತಿ ಹೋಗುತ್ತಾ ನನ್ನ ಹೆಸರು ಹೇಳಿ ಕಾಲು ನೀವಿಕೊಳ್ಳುತ್ತಿದ್ದಾರೆ.

ಎರಡು ದಾರಿ ಇದೆ. ಮುದುಕನನ್ನು ಇಳಿಸಿ ಪೂರ್ತಿ ಬಿಚ್ಚಿ ರಿಪೇರಿ ಮಾಡುವುದು ಒಂದು. ಇಲ್ಲವೆಂದರೆ ಹಿಂದುಗಡೆ ನೇತುಹಾಕುವ ಔಟ್‌ಬೋರ್ಡ್ ಮೋಟಾರು ತರುವುದು. ಆದರೆ ನಮ್ಮ ದೋಣಿ ಮುಂದೆ ಚೂಪಾಗಿರುವ ಹಾಗೇ ಹಿಂದೆಯೂ ಚೂಪು. ಔಟ್‌ಬೋರ್ಡ್ ಕೂರಬೇಕಾದರೆ ಬಡಗಿ ಹಿಂಬದಿಯನ್ನು ಒಂದೂವರೆ ಮೊಳ ಕೊಯ್ದು ಚಪ್ಪಟೆ ಹಲಗೆ ಹೊಡೆಯಬೇಕು. ಕೊಯ್ದದ್ದು ಮತ್ತೆ ಕೂಡುವುದಿಲ್ಲ.

ಎರಡು ವರ್ಷ ವರ್ಕ್‌ಶಾಪಿನಲ್ಲಿ ಕಲಿತು ಬಾ, ಬಂದ ದಿನ ದೋಣಿಯೂ ಇಂಜಿನ್ನೂ ನಿನ್ನದು ಎಂದು ಹೇಳಿ ಕಳಿಸಿದವನು ನಾನು. ಅದಕ್ಕೇ ನಿನ್ನನ್ನು ಕೇಳದೆ ಗರಗಸ ಮುಟ್ಟಿಸುವುದಿಲ್ಲ. ಏನು ಮಾಡಲಿ, ಬರೆ.

ನಿನ್ನ ಅಪ್ಪ
(ಬರೆದವಳು ಚಿಕ್ಕವಳು. ಒಂದು ಮಾತೂ ಸೇರಿಸಿಲ್ಲ.)


ಮಾರ್ಚ್ ೩

ಅಪ್ಪಾ,

ಔಟ್‌ಬೋರ್ಡ್ ಎಂಬ ಮಾತನ್ನು ಬಾಯಲ್ಲಿ ಆಡಿದ್ದೀರಿ, ಕ್ಷಮಿಸಿದ್ದೇನೆ. ಇನ್ನೊಮ್ಮೆ ಆಡಬೇಡಿ.

ಮೊದಲು ಕನ್ನಡಕ ಸರಿ ಮಾಡಿಸಿ. ತಂಗಿಯ ಗುಂಡು ಗುಂಡು ಅಕ್ಷರದಲ್ಲಿ ನಿಮ್ಮ ಬೈಗುಳಕ್ಕೆ ಖಾರವೇ ಇರುವುದಿಲ್ಲ.

ಈಗ ಮುದುಕ. ನೀವು ಬರೆದದ್ದನ್ನೆಲ್ಲ ಸೇರಿಸಿ ನೋಡಿದರೆ ಪಿಸ್ಟನ್ನಿನ ರಿಂಗ್ ಸವೆದಿದೆ ಅನಿಸುತ್ತದೆ. ಒಂದು ಪರೀಕ್ಷೆ ಮಾಡಿ. ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸುತ್ತಾ ಬನ್ನಿ. ಒಂದು ಕಡೆ ಗಟ್ಟಿಯಾಗಿ ತಡೆಯುತ್ತದಲ್ಲ, ಅಲ್ಲೇ ಒತ್ತಿ ಹಿಡಿದು ಎಣಿಸಿ. ಇಪ್ಪತ್ತರ ತನಕ ತಡೆದರೆ ಮುದುಕ ಗಟ್ಟಿ. ಅದಕ್ಕೂ ಮೊದಲೇ ಗಾಳಿ ಸೋರಿ ಕೈ ಸಡಿಲವಾದರೆ ರಿಂಗ್ ಹೋಗಿದೆ. ಎಷ್ಟಕ್ಕೆ ಸಡಿಲವಾಯಿತು ಎಂದು ಸರಿಯಾಗಿ ಬರೆಯಿರಿ, ಅದರ ಮೇಲೆ ನಾನು ಸಾಮಾನು ಹುಡುಕುತ್ತೇನೆ. ಹೆಬ್ಬೆರಳು ಬೆರಳುಗಳ ಕಡೆಗೇ ಇರಲಿ, ಹ್ಯಾಂಡಲ್ ಸುತ್ತ ಸುತ್ತಬೇಡಿ, ಸುತ್ತಿದ್ದರೆ ಇಂಜಿನ್ ಒದ್ದಾಗ ಕೈ ಬಿಡಿಸಿಕೊಳ್ಳಲಾಗುವುದಿಲ್ಲ. ನನಗೆ ಎಂಟು ವರ್ಷವಿದ್ದಾಗ ಮೊಣಕೈಗೆ ಬಡಿದು ಕಲಿಸಿದವರಿಗೇ ಪಾಠ ಹೇಳುತ್ತಿದ್ದೇನೆ ನೋಡಿ.

ಇಲ್ಲಿ ನನ್ನ ಹೆಸರು ಕೆಟ್ಟಿದೆ. ತಗಡಮ್ಮ ಎಂದು ಕರೆಯುತ್ತಾರೆ. ಜನವರಿಯಲ್ಲಿ ಮುದುಕನ ಡೀಸೆಲ್ ಪಂಪ್ ಬಿಚ್ಚಿ ಅದರ ಕೆಳಗಿನ ಹಿತ್ತಾಳೆ ತಗಡುಗಳಲ್ಲಿ ಒಂದನ್ನು ತೆಗೆದಿದ್ದೆನಲ್ಲ, ನೀವು ಟಾರ್ಚ್ ಹಿಡಿದಿದ್ದಿರಿ. ಒಂದು ತಗಡಿನ ದಪ್ಪ ಕಡಿಮೆಯಾದರೆ ಡೀಸೆಲ್ ಒಂದು ಚೂರು ಮೊದಲೇ ಒಳಗೆ ಬೀಳುತ್ತದೆ, ಎಳೆತ ಹೆಚ್ಚುತ್ತದೆ. ಅದನ್ನೇ ಇಲ್ಲಿ ಎಂಟು ದೋಣಿಗಳಿಗೆ ಮಾಡಿಕೊಟ್ಟೆ. ಈಗ ದೋಣಿಯವರು ಬಾಗಿಲಲ್ಲೇ ನಿಂತು “ಆ ಹುಡುಗಿ ಇದಾಳಾ” ಅಂತ ನನ್ನನ್ನೇ ಕೇಳುತ್ತಾರೆ. ನಮ್ಮ ಮೇಸ್ತ್ರಿ ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ, ಮೂಗಿನಲ್ಲೇ ಹೂಂ ಅನ್ನುತ್ತಾರೆ. ಅದನ್ನು ನಾನು ಹೊಗಳಿಕೆ ಎಂದೇ ಲೆಕ್ಕಕ್ಕೆ ಹಿಡಿದಿದ್ದೇನೆ.

ನನ್ನ ಕೋಣೆ ಬಣ್ಣದ ಉಗ್ರಾಣದ ಮೇಲಿದೆ. ಬಟ್ಟೆಯೆಲ್ಲ ಟರ್ಪೆಂಟೈನ್ ವಾಸನೆ. ಕಿಟಕಿಯಿಂದ ಕಾಣುವುದು ಒಂದು ಕ್ರೇನಿನ ಬೆನ್ನು ಮಾತ್ರ. ಆದರೂ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಿಂಗಳು ಬರೆದು ಒಂದೊಂದೇ ಒರೆಸುತ್ತಿದ್ದೇನೆ. ಇನ್ನು ಒಂಬತ್ತು ಉಳಿದಿದೆ.

ಔಟ್‌ಬೋರ್ಡನ್ನು ಯಾರು ಬೇಕಾದರೂ ನಡೆಸಬಹುದು ಅಪ್ಪಾ, ಹಗ್ಗ ಎಳೆದರೆ ಮುಗಿಯಿತು. ಅದು ಬಂದರೆ ನಾನು ಇಲ್ಲಿ ಗ್ರೀಸ್ ಮೆತ್ತಿಕೊಂಡು ಕಲಿತದ್ದಕ್ಕೆ ಆ ದೋಣಿಯಲ್ಲಿ ಜಾಗವೇ ಇಲ್ಲ. ದಯವಿಟ್ಟು ರಿಪೇರಿಯೇ ಆಗಲಿ.

ನಿಮ್ಮ ದೊಡ್ಡವಳು


ಮಾರ್ಚ್ ೨೦

ದೊಡ್ಡವಳೇ,

ಪತ್ರ ಎರಡು ಸಲ ಓದಿಸಿಕೊಂಡೆ. ರಿಪೇರಿಯೇ ಆಗಲಿ. ನಿನ್ನ ಮನಸ್ಸು ತಿಳಿಯಿತು, ಇನ್ನು ಆ ಮಾತು ಬೇಡ.

ನೀನು ಹೇಳಿದ ಹಾಗೆ ಹ್ಯಾಂಡಲ್ ಒತ್ತಿ ಹಿಡಿದು ಎಣಿಸಿದೆ. ಹನ್ನೆರಡಕ್ಕೆ ಸಡಿಲವಾಯಿತು. ಸಾಮಾನು ಸಿಕ್ಕರೆ ನೋಡು. ಅವಸರ ಮಾಡಬೇಡ, ಸಿಗದಿದ್ದರೂ ಪರವಾಗಿಲ್ಲ. ಮುದುಕನನ್ನು ನಾಲ್ಕು ಜನ ಸೇರಿ ದೋಣಿಯಿಂದ ಎತ್ತಿ ಶೆಡ್ಡಿನಲ್ಲಿ ಗೋಣಿ ಹೊದಿಸಿ ಮಲಗಿಸಿದ್ದೇವೆ.

ಇದರ ಮೇಲೆ ಒಂದು ಸಾಲು ಹೊಡೆದುಹಾಕಿದ್ದು ಕಾಣುತ್ತದೆ. ಹೊಡೆದುಹಾಕು ಎಂದವನು ನಾನೇ. ಶಾಯಿ ದಪ್ಪ ಬಿದ್ದಿದೆ, ಬೆಳಕಿಗೆ ಹಿಡಿದು ಓದುವ ಕಷ್ಟ ತೆಗೆದುಕೊಳ್ಳಬೇಡ. ಮುಖ್ಯವಾದದ್ದೇನಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನು. ಆ ಬಣ್ಣದ ವಾಸನೆ ಒಳ್ಳೆಯದಲ್ಲ, ಕಿಟಕಿ ತೆರೆದಿಡು. ಕನ್ನಡಕ ಇನ್ನೂ ಆಗಿಲ್ಲ.

ನಿನ್ನ ಅಪ್ಪ


ಏಪ್ರಿಲ್ ೧೧

ಅಪ್ಪಾ,

ಬೆಳಕಿಗೂ ಹಿಡಿದೆ, ಕನ್ನಡಿಗೂ ಹಿಡಿದೆ, ಏನೂ ಕಾಣಲಿಲ್ಲ. ತಂಗಿ ಕೈಗೆ ಶಾಯಿ ಕೊಟ್ಟರೆ ಸಾಕು, ಸಗಣಿ ಸಾರಿಸಿದ ಹಾಗೆ ಬಳಿಯುತ್ತಾಳೆ. ಏನು ಬರೆಸಿದ್ದಿರಿ? ನನ್ನ ಮದುವೆ ವಿಷಯವಾದರೆ ಹೊಡೆದುಹಾಕಿದ್ದೇ ಒಳ್ಳೆಯದಾಯಿತು.

ರಿಂಗ್ ಸಿಕ್ಕಿತು! ಈ ಮಾದರಿಯ ಇಂಜಿನ್ ಮಾಡುವುದನ್ನು ನಿಲ್ಲಿಸಿ ಎಷ್ಟು ಕಾಲವಾಯಿತೋ. ನಾಲ್ಕು ರಜೆ ದಿನ ಗುಜರಿ ಅಂಗಡಿಗಳಲ್ಲಿ ಮಂಡಿಯೂರಿದೆ. ಕೊನೆಗೆ ಒಬ್ಬ ಗುಜರಿಯವನು, ಬಾಗಿಲಿಗೆ ಆಸರೆಯಾಗಿ ಇಟ್ಟಿದ್ದ ಪೆಟ್ಟಿಗೆಯನ್ನು ಕಾಲಲ್ಲಿ ತಳ್ಳಿದ. ಅದರೊಳಗೆ ಒಂದು ಪೂರ್ತಿ ಸೆಟ್, ಮೇಣದ ಕಾಗದವೂ ಬಿಚ್ಚಿರಲಿಲ್ಲ. ಅಲ್ಲೇ ಕೂತು ಅತ್ತೆ. ಗುಜರಿಯವನು ಹೆದರಿ ನೀರು ತಂದುಕೊಟ್ಟ. ಪಾರ್ಸೆಲ್ ಮಾಡಿದ್ದೇನೆ. ಬಾಗಿಸಬೇಡಿ, ಎತ್ತರದಿಂದ ಬೀಳಿಸಬೇಡಿ, ಜೂನ್ ಕೊನೆಗೆ ಎರಡು ವಾರ ರಜೆ ಸಿಗುತ್ತದೆ, ನಾನೇ ಬಂದು ಕೂರಿಸುತ್ತೇನೆ.

ಒಂದು ತಮಾಷೆ ಕೇಳಿ. ಇಲ್ಲಿ ಒಬ್ಬರು ಹಿರಿಯ ದೋಣಿಯವರಿದ್ದಾರೆ, ನಾವೆಲ್ಲ ಬಿಳಿಮೀಸೆ ಎನ್ನುತ್ತೇವೆ. ಕಳೆದ ತಿಂಗಳ ಕೊನೆಗೆ ಅವರ ಇಂಜಿನ್‌ಗೂ ತಗಡು ತೆಗೆದುಕೊಟ್ಟಿದ್ದೆ. ಮೊನ್ನೆ ಸ್ಟಾರ್ಟ್ ಮಾಡುವಾಗ ಹ್ಯಾಂಡಲ್ ಹಿಂದಕ್ಕೆ ಹೊಡೆದು ಮುಂದಿನ ಎರಡು ಹಲ್ಲು ಉದುರಿದವು. ಟವೆಲ್ಲಿನಲ್ಲಿ ಬಾಯಿ ಒತ್ತಿಕೊಂಡು ವರ್ಕ್‌ಶಾಪಿಗೆ ಬಂದರು. ಮೇಸ್ತ್ರಿ ನನ್ನತ್ತ ಒಮ್ಮೆ ನೋಡಿ ತಮ್ಮ ಕೆಲಸಕ್ಕೆ ತಿರುಗಿದರು. ನಾನು ನಿಮ್ಮ ಹಾಗೇ ಸೊಂಟಕ್ಕೆ ಕೈಯಿಟ್ಟು, ಹೆಬ್ಬೆರಳು ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಅವರು ಯೋಚಿಸಿ ಯೋಚಿಸಿ, ಬಹುಶಃ ಸುತ್ತಿಬಿಟ್ಟೆ ಅಂತ ಕಾಣುತ್ತದೆ, ವಯಸ್ಸಾಯಿತು ಎಂದರು. ಎಲ್ಲರೂ ನಕ್ಕೆವು, ಅವರೂ ನಕ್ಕರು ಪಾಪ, ಬಾಯಿ ಮುಚ್ಚಿಕೊಂಡು.

ಕೊನೆಯದಾಗಿ ಬಹಳ ಮುಖ್ಯವಾದದ್ದು. ಮುದುಕ ಕೂತಿದ್ದದ್ದು ದೋಣಿಯ ಹಿಂಭಾಗದಲ್ಲಿ. ಆ ಭಾರ ಎತ್ತಿದ ಮೇಲೆ ಹಿಂಬದಿ ಮೇಲೇಳುತ್ತದೆ, ಮೂತಿ ಮುಳುಗುತ್ತದೆ. ಹಾಗೇ ಬಿಟ್ಟರೆ ಹಲಗೆಗಳು ಸೆಟೆದು ಸಂದು ಬಿಡುತ್ತವೆ. ಇಂಜಿನ್ ಇದ್ದ ಜಾಗದಲ್ಲಿ ಅಷ್ಟೇ ತೂಕದ ಕಲ್ಲು ಪೇರಿಸಿಡಿ. ಇಟ್ಟ ಮೇಲೆ ದೋಣಿ ಹೇಗೆ ಕೂತಿದೆ ಎಂದು ಬರೆಯಿರಿ.

ನಿಮ್ಮ ದೊಡ್ಡವಳು


ಮೇ ೨

ದೊಡ್ಡವಳೇ,

ಪಾರ್ಸೆಲ್ ತಲುಪಿತು. ರಿಂಗ್‌ಗಳನ್ನು ಬೀರುವಿನಲ್ಲಿ ನಿನ್ನ ಬಟ್ಟೆಗಳ ನಡುವೆ ಇಟ್ಟಿದೆ.

ಕಲ್ಲಿನ ಬಗ್ಗೆ ಚಿಂತೆ ಬೇಡ. ಕಲ್ಲು ಬೇಕಾಗಲಿಲ್ಲ. ದೋಣಿ ನೀರಿನ ಮೇಲೆ ಸಮನಾಗಿ ಕೂತಿದೆ, ಮೂತಿ ಒಂದು ಬೆರಳೂ ಮುಳುಗಿಲ್ಲ. ಮೂವತ್ತು ವರ್ಷ ಈ ದೋಣಿ ನಡೆಸಿದ್ದೇನೆ, ಇಷ್ಟು ಚೆನ್ನಾಗಿ ಕೂತದ್ದನ್ನು ನೋಡಿರಲಿಲ್ಲ.

ಆ ದೋಣಿಯವರ ಹಲ್ಲಿನ ವಿಷಯ ಓದಿಸಿಕೊಂಡೆ. ಈಗ ಹೇಗಿದ್ದಾರೆ?

ಜೂನ್‌ನಲ್ಲಿ ಬರಲೇಬೇಕು ಎಂದೇನಿಲ್ಲ. ಕೆಲಸ ಕೆಡಿಸಿಕೊಂಡು ಬರಬೇಡ.

ನಿನ್ನ ಅಪ್ಪ


ಮೇ ೯

ಅಪ್ಪಾ,

ನಾಲ್ಕು ದಿನ ಈ ಪತ್ರ ಬರೆಯಬಾರದು ಎಂದುಕೊಂಡೆ.

ಇಂಜಿನ್ ಎತ್ತಿದ ದೋಣಿ, ಕಲ್ಲು ಇಡದೆ, ಸಮನಾಗಿ ಕೂರುವುದಿಲ್ಲ. ಇದು ನೀವು ಕಲಿಸಿದ್ದು. ಸ್ನಾನದ ಹಂಡೆಯಲ್ಲಿ ಮರದ ಚಮಚ ತೇಲಿಸಿ, ಅದರ ಮೇಲೆ ಗುಂಡಿ ಇಟ್ಟು ತೆಗೆದು ತೋರಿಸಿದ್ದಿರಿ. ಸಮನಾಗಿ ಕೂತಿದ್ದರೆ ಹಿಂಬದಿಯ ತುದಿಯಲ್ಲಿ ಬೇರೊಂದು ಭಾರ ಇರಬೇಕು. ಆ ತುದಿಯಲ್ಲಿ ಭಾರ ನಿಲ್ಲಬೇಕಾದರೆ ಅಲ್ಲಿ ಚಪ್ಪಟೆ ಹಲಗೆ ಇರಬೇಕು. ಹಲಗೆ ಇರಬೇಕಾದರೆ ಗರಗಸ ಆಡಿರಬೇಕು.

ಬೇರೆ ಯಾವ ಸುಳ್ಳು ಹೇಳಿದ್ದರೂ ನಾನು ನಂಬುತ್ತಿದ್ದೆ. ದೋಣಿ ಚೆನ್ನಾಗಿ ಕೂತಿದೆ ಎಂದು ಹೇಳಿಕೊಳ್ಳದೆ ಇರಲು ನಿಮಗೆ ಆಗಲಿಲ್ಲ, ಅಲ್ಲವೇ?

ಒಂದೇ ಪ್ರಶ್ನೆ. ಔಟ್‌ಬೋರ್ಡ್ ಹಾಕಿದ್ದೀರಾ? ಹೌದು, ಇಲ್ಲ, ಎರಡರಲ್ಲಿ ಒಂದು ಬರೆಯಿರಿ. ನಿಮ್ಮ ಕೈಯಲ್ಲೇ ಬರೆಯಿರಿ. ಒಂದು ಶಬ್ದ ಬರೆಯಲು ಕನ್ನಡಕ ಬೇಡ.

ದೊಡ್ಡವಳು


ಮೇ ೨೭

ಅಕ್ಕಾ,

ಇದು ಅಪ್ಪ ಹೇಳಿ ಬರೆಸಿದ್ದಲ್ಲ. ನಿನ್ನ ಪತ್ರ ಓದಿ ಹೇಳಿದೆ. ಕೇಳಿಸಿಕೊಂಡು ಎದ್ದು ದಡಕ್ಕೆ ಹೋದರು. ಅದಾಗಿ ಎರಡು ವಾರವಾಯಿತು, ಇನ್ನೂ ಉತ್ತರ ಹೇಳುತ್ತಿಲ್ಲ. ನೀನು ಕಾಯುತ್ತಿರುವುದು ನೆನೆದು ನಾನೇ ಬರೆಯುತ್ತಿದ್ದೇನೆ.

ಹೌದು. ಔಟ್‌ಬೋರ್ಡ್ ಹಾಕಿದೆ. ಹಿಂಬದಿ ಕೊಯ್ದದ್ದು ಮಾರ್ಚ್ ಹದಿನಾಲ್ಕಕ್ಕೆ.

ಕನ್ನಡಕ ಒಡೆದಿರಲಿಲ್ಲ, ಆ ಸುಳ್ಳಿಗೆ ತಕ್ಕ ಹಾಗೆ ನಿನ್ನ ಪತ್ರಗಳನ್ನೂ ನನ್ನಿಂದಲೇ ಓದಿಸಿಕೊಳ್ಳುತ್ತಿದ್ದರು. ಒಡೆದದ್ದು ಅಪ್ಪನ ಬಲ ಮಣಿಕಟ್ಟು, ಫೆಬ್ರವರಿ ಆರರ ಬೆಳಿಗ್ಗೆ, ಮೊದಲ ಸಲ ದೋಣಿ ಬಿಡುವಾಗ. ನಾನು ಹಗ್ಗ ಬಿಚ್ಚುತ್ತಿದ್ದೆ. ಅಪ್ಪ ಹ್ಯಾಂಡಲ್ ತಿರುಗಿಸಿದರು, ಮುದುಕ ಒಂದು ಸಲ ಗುದ್ದಿದ, ಹ್ಯಾಂಡಲ್ ತಿರುಗಿ ಬಂದು ಹೊಡೆಯಿತು. ಹೆಬ್ಬೆರಳು ಸರಿಯಾಗೇ ಇತ್ತು ಅಕ್ಕಾ, ನಾನು ಕಣ್ಣಾರೆ ನೋಡಿದೆ. ಎರಡು ಕಡೆ ಮುರಿದಿದೆ. ಈಗ ಕಟ್ಟು ಬಿಚ್ಚಿದ್ದಾರೆ, ಆದರೆ ಕೈ ತಿರುಗುವುದಿಲ್ಲ, ಲೋಟ ಹಿಡಿದರೆ ಚೆಲ್ಲುತ್ತದೆ. ಪೆನ್ನು ನಿಲ್ಲುವುದಿಲ್ಲ.

ಇನ್ನೊಂದನ್ನು ಹೇಳದೆ ಬಿಡೋಣ ಎಂದಿದ್ದೆ. ಆಚೆ ದಡದ ಮೆಕ್ಯಾನಿಕ್ ಬಂದು ಇಂಜಿನ್ ನೋಡಿದ. ಪಂಪ್ ಬಿಚ್ಚಿ, “ಒಂದು ತಗಡು ಕಮ್ಮಿ ಇದೆ. ಡೀಸೆಲ್ ಮುಂಚೇನೇ ಬೀಳ್ತಿದೆ, ಅದಕ್ಕೇ ಒದ್ದಿದೆ. ಯಾರು ತೆಗೆದದ್ದು ಇದನ್ನ?” ಅಂದ. ಅಪ್ಪ “ನಾನೇ” ಅಂದರು. ಮೆಕ್ಯಾನಿಕ್ ಎಲ್ಲರೆದುರು, ಮೂವತ್ತು ವರ್ಷದ ಮೇಲೆ ಇಂಥ ಎಳಸು ಕೆಲಸ ಮಾಡಿದ್ದೀರಲ್ಲ ಎಂದು ಛೀಮಾರಿ ಹಾಕಿ ಹೋದ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡರು. ನಿನ್ನ ಹೆಸರು ಬಾಯಿಂದ ಬರಲಿಲ್ಲ. ನಿನಗೆ ಗೊತ್ತಾದರೆ ಇನ್ನು ಇಂಜಿನ್ ಮುಟ್ಟುವುದಿಲ್ಲ ನೀನು, ಅದಕ್ಕೇ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು.

ಹೊಡೆದುಹಾಕಿದ ಸಾಲು ಇದು: ಬೇರೆಯವರ ಇಂಜಿನ್‌ಗಳಿಗೆಲ್ಲ ತಗಡು ವಾಪಸ್ ಹಾಕಿಬಿಡು. ಹೇಳಿ ಬರೆಸಿ, ನಾನು ಮುಂದಿನ ಸಾಲಿಗೆ ಹೋದ ಮೇಲೆ, ಅದನ್ನು ಹೊಡೆದುಹಾಕು ಎಂದರು. ಯಾಕೆ ಎಂದು ಕೇಳಿದರೆ, ಅದನ್ನು ಬರೆದರೆ ಅವಳು ಯಾಕೆ ಎಂದು ಕೇಳುತ್ತಾಳೆ ಎಂದರು.

ದೋಣಿ ಈಗ ನಾನು ನಡೆಸುತ್ತೇನೆ. ಇದನ್ನೂ ಕೇಳಿಬಿಡು. ಆ ಹ್ಯಾಂಡಲ್ ಹತ್ತಿರ ನಾನು ಹೋಗಲಾರೆ, ಅದು ತಿರುಗಿ ಬಂದದ್ದನ್ನು ನೋಡಿದ್ದೇನೆ. ಔಟ್‌ಬೋರ್ಡ್ ಆಗಬಹುದು ಎಂದವಳು ನಾನೇ. ದಿನಕ್ಕೆ ಹದಿನಾಲ್ಕು ಸಲ ಆಚೆ ಈಚೆ ಹೋಗುತ್ತೇನೆ, ಜನ ಬೈಯುವುದು ನಿಲ್ಲಿಸಿದ್ದಾರೆ. ದೋಣಿ ನಿನಗೆ ಎಂದು ಅಪ್ಪ ಮಾತು ಕೊಟ್ಟಾಗ ನಾನೂ ಅದೇ ಕೋಣೆಯಲ್ಲಿದ್ದೆ, ನೆನಪಿದೆಯಾ? ನನ್ನನ್ನು ಯಾರೂ ಕೇಳಲಿಲ್ಲ. ಆಗ ಹೇಳದೆ ಇದ್ದದ್ದನ್ನು ಈಗ ಹೇಳುತ್ತಿದ್ದೇನೆ, ನನಗೆ ಈ ಕೆಲಸ ಹಿಡಿಸಿದೆ.

ಆದರೆ ಅಷ್ಟೂ ಪತ್ರಗಳನ್ನು ನನ್ನ ಕೈಯಲ್ಲಿ ಬರೆದದ್ದಕ್ಕೆ ನಾಚಿಕೆಯಾಗುತ್ತದೆ. ನಿನ್ನ ರಿಂಗ್‌ಗಳನ್ನು ಬೀರುವಿನಲ್ಲಿಟ್ಟ ದಿನ ಊಟ ಸೇರಲಿಲ್ಲ.

ನಿನ್ನ ಚಿಕ್ಕವಳು


ಜೂನ್ ೧೯

ಅಪ್ಪನಿಗೆ,

ಚಿಕ್ಕವಳ ಪತ್ರ ಬಂದು ಹದಿನೈದು ದಿನವಾಯಿತು. ಇದನ್ನು ಅವಳೇ ನಿಮಗೆ ಓದಲಿ. ಎಲ್ಲೂ ಬಿಟ್ಟು ಓದಬಾರದು.

ಕೈ ಮುರಿದದ್ದು ನನ್ನಿಂದ. ಇದನ್ನು ಬರೆಯುವ ಮೊದಲು ಮೂರು ಹಾಳೆ ಹರಿದೆ. ಆ ಲೋಟ ಚೆಲ್ಲುವುದು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅದು ನನ್ನ ತಪ್ಪು, ಬದುಕಿರುವವರೆಗೂ ನನ್ನದು.

ಆದರೆ ಅದು ನನ್ನದಾಗಿದ್ದರೆ ನನಗೆ ಕೊಡಬೇಕಿತ್ತು. ಬಚ್ಚಿಟ್ಟುಕೊಳ್ಳಲು ನೀವು ಯಾರು?

ದೋಣಿ ಕೊಯ್ದಿರಿ. ಕೇಳದೆ ಗರಗಸ ಮುಟ್ಟಿಸುವುದಿಲ್ಲ ಎಂದು ಬರೆಸಿದವರು ನೀವು. ಹದಿನಾಲ್ಕಕ್ಕೆ ಗರಗಸ, ಇಪ್ಪತ್ತಕ್ಕೆ “ರಿಪೇರಿಯೇ ಆಗಲಿ”. ನನ್ನನ್ನು ಸಮಾಧಾನ ಮಾಡಲು ಕೊಟ್ಟ ಆಟದ ಸಾಮಾನಾಗಿತ್ತೇ ಆ ರಿಪೇರಿ? ಮಣಿಕಟ್ಟಿಗೆ ಕಟ್ಟು ಹಾಕಿಕೊಂಡು ಕೂತವರು ಹ್ಯಾಂಡಲ್ ಒತ್ತಿ ಹಿಡಿದೆ, ಹನ್ನೆರಡಕ್ಕೆ ಸಡಿಲವಾಯಿತು ಎಂದು ಬರೆಸಿದಿರಿ. ಆ ಹನ್ನೆರಡನ್ನು ಎಲ್ಲಿಂದ ತಂದಿರಿ ಅಪ್ಪಾ? ಆ ಹನ್ನೆರಡನ್ನು ನಂಬಿ ನಾನು ನಾಲ್ಕು ರಜೆ ಗುಜರಿಯಲ್ಲಿ ಮಂಡಿ ಸವೆಸಿದೆ. ಇಷ್ಟನ್ನೂ, ಕಷ್ಟಪಟ್ಟಾದರೂ, ನುಂಗಿಕೊಳ್ಳುತ್ತಿದ್ದೆ. ಚಿಕ್ಕವಳಿಗೆ ದೋಣಿ ಹೋದದ್ದನ್ನೂ ನುಂಗುತ್ತಿದ್ದೆ. ಹೊಟ್ಟೆ ಉರಿಯುತ್ತದೆ, ಆದರೆ ಅವಳು ಕೇಳಿದ್ದರಲ್ಲಿ ತಪ್ಪಿಲ್ಲ.

ನುಂಗಲಾಗದ್ದು ಬೇರೆ. ಮಾರ್ಚ್ ಮೂರಕ್ಕೆ ನಾನು ಎಂಟು ದೋಣಿಗೆ ತಗಡು ತೆಗೆದಿದ್ದೇನೆ ಎಂದು ಕೊಚ್ಚಿಕೊಂಡು ಬರೆದೆ. ನಿಮ್ಮ ಕೈ ಮುರಿದು ಆಗಲೇ ಒಂದು ತಿಂಗಳಾಗುತ್ತಾ ಬಂದಿತ್ತು. ನೀವು ಒಂದು ಸಾಲು ಬರೆಸಿ, ಅದನ್ನೂ ಹೊಡೆದುಹಾಕಿಸಿದಿರಿ. ಅದಾದ ಮೇಲೆ ಇನ್ನೂ ಆರು ದೋಣಿ ಮಾಡಿದೆ. ಬಿಳಿಮೀಸೆಯವರದ್ದು ಆ ಆರರಲ್ಲಿ ಒಂದು. ಅವರ ಹಲ್ಲು ಹೋದದ್ದನ್ನು ತಮಾಷೆ ಮಾಡಿ ಬರೆದೆ. ಆ ಪತ್ರವನ್ನೂ ನೀವು ಕೂತು ಕೇಳಿದಿರಿ. ಕೇಳಿ, ಈಗ ಹೇಗಿದ್ದಾರೆ ಎಂದು ವಿಚಾರಿಸಿದಿರಿ.

ಹೇಗಿದ್ದಾರೆ ಎಂದು ಹೇಳುತ್ತೇನೆ. ಚಿಕ್ಕವಳ ಪತ್ರ ಬಂದ ಮರುದಿನ ಅವರ ಮನೆಗೆ ಹೋದೆ. ಒಂದೇ ಕೋಣೆ, ಬಾಗಿಲ ಪಕ್ಕ ಬಲೆ ಹೆಣೆಯುತ್ತಾ ಕೂತಿದ್ದರು. ಹ್ಯಾಂಡಲ್ ಗೋಡೆಗೆ ನೇತುಹಾಕಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ, ತಗಡು, ನಿಮ್ಮ ಮಣಿಕಟ್ಟು, ಎಲ್ಲ. ಅವರು ಕೈಯಲ್ಲಿದ್ದ ಗಂಟನ್ನು ಬಿಗಿದು ಮುಗಿಸಿದರು. ಆಮೇಲೆ “ಅಂದ್ರೆ ನನ್ನ ಹೆಬ್ಬೆರಳು ಸರಿಯಾಗೇ ಇತ್ತು ಅನ್ನು” ಎಂದರು.

ನಾವು ನಕ್ಕ ದಿನದಿಂದ ಅವರು ಹ್ಯಾಂಡಲ್ ಮುಟ್ಟಿಲ್ಲ. ನಲವತ್ತು ವರ್ಷದ ಅಭ್ಯಾಸ ಕೈ ಮರೆತಿದೆ, ತನ್ನ ಕಾಲ ಮುಗಿಯಿತು ಎಂದುಕೊಂಡು ದೋಣಿಯನ್ನು ಅಳಿಯನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದಾರೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಿಂತು ಕೇಳಬಹುದಿತ್ತು.

ಮೇಸ್ತ್ರಿಗೂ ಹೇಳಿದೆ. ಅನುಮಾನ ಇತ್ತಂತೆ. ನಿನ್ನ ಊರಲ್ಲಿ ನಿನ್ನ ಅಪ್ಪನ ಇಂಜಿನ್ ತಗಡು ತೆಗೆದ ಮೇಲೆ ಒಮ್ಮೆಯೂ ಒದ್ದಿಲ್ಲವಲ್ಲ ಎಂದು ಸುಮ್ಮನಿದ್ದೆ ಎಂದರು. ನೋಡಿ, ನಿಮ್ಮ ಸುಮ್ಮನಿರುವಿಕೆಯನ್ನು ಇಲ್ಲಿ ಇನ್ನೊಬ್ಬರು ಸಾಕ್ಷಿ ಅಂತ ಇಟ್ಟುಕೊಂಡಿದ್ದರು.

ನಾನು ಇಂಜಿನ್ ಮುಟ್ಟುವುದನ್ನು ಬಿಡುತ್ತೇನೆ ಎಂದು ಹೆದರಿದಿರಂತೆ. ಬಿಡುವುದಿಲ್ಲ. ಹದಿನಾಲ್ಕು ದೋಣಿಗೂ ತಗಡು ಹಾಕಬೇಕು, ಬಿಟ್ಟರೆ ಹಾಕುವವರು ಯಾರು? ಜೂನ್ ರಜೆ ಅದಕ್ಕೇ ಹೋಗುತ್ತದೆ, ಊರಿಗೆ ಬರುವುದಿಲ್ಲ. ತೆಗೆದವುಗಳನ್ನು ಡಬ್ಬಿಯಲ್ಲಿ ಇಟ್ಟಿದ್ದೆ, ಎಣಿಸಿದರೆ ಒಂದು ಕಡಿಮೆ ಇದೆ. ಮುದುಕನಿಂದ ತೆಗೆದ ತಗಡು ಮನೆಯ ಗುಂಡಿ ಡಬ್ಬಿಯಲ್ಲಿರಬೇಕು. ಕಳಿಸಿಕೊಡಿ. ಅವನಿಗೆ ಇನ್ನು ಅದು ಬೇಡ.

ತಗಡಮ್ಮ


ಜುಲೈ ೮

ದೊಡ್ಡವಳೇ

ಇದು ಎಡಗೈ. ನಾಲ್ಕು ದಿನ ಹಿಡಿಯಿತು. ಚಿಕ್ಕವಳಿಗೆ ತೋರಿಸಿಲ್ಲ.

ಅವಳು ನನ್ನನ್ನು ದೊಡ್ಡ ಮನುಷ್ಯ ಮಾಡಿ ಬರೆದಿದ್ದಾಳೆ. ಅಲ್ಲ.

ನೀನು ತಗಡು ತೆಗೆದಾಗ ಟಾರ್ಚ್ ಹಿಡಿದಿದ್ದೆ. ಇದು ಒದೆಯುತ್ತದೆ ಅಂತ ಅನಿಸಿತು. ಅನಿಸಿದ್ದು ಖಂಡಿತ. ಬೇಡ ಅನ್ನಲಿಲ್ಲ. ನೀನು ಹೊಸದು ಕಲಿತು ಬಂದಿದ್ದೆ. ಬೇಡ ಅಂದರೆ ಅಪ್ಪನಿಗೆ ಏನೂ ಗೊತ್ತಿಲ್ಲ ಅಂತ ನಗುತ್ತೀ ಅಂದುಕೊಂಡೆ. ಶಾಭಾಷ್ ಅಂದೆ.

ಕೈ ಮುರಿದದ್ದನ್ನು ಹೇಳಿದ್ದರೆ ಇದನ್ನೂ ಹೇಳಬೇಕಿತ್ತು. ಅದಕ್ಕೇ ಹೇಳಲಿಲ್ಲ. ನಿನಗಾಗಿ ಅಲ್ಲ.

ಮೆಕ್ಯಾನಿಕ್‌ಗೆ ನಾನೇ ಅಂದದ್ದು ಅರ್ಧ ನಿಜ.

ಹನ್ನೆರಡು ಸುಮ್ಮನೆ ಬಾಯಿಗೆ ಬಂದದ್ದು.

ಕೊಯ್ದ ತುಂಡನ್ನು ಬಡಗಿ ಒಲೆಗೆ ಕೇಳಿದ. ಕೊಡಲಿಲ್ಲ. ಶೆಡ್ಡಿನಲ್ಲಿ ಮುದುಕನ ಪಕ್ಕ ಇದೆ.

ತಗಡು ಇದರೊಳಗಿದೆ.

ಅಪ್ಪ


ಜುಲೈ ೨೪

ಅಪ್ಪಾ,

ತಗಡು ತಲುಪಿತು. ಹದಿಮೂರು ದೋಣಿ ಮುಗಿದಿತ್ತು, ಇದನ್ನು ಬಿಳಿಮೀಸೆಯವರ ಇಂಜಿನ್‌ಗೆ ಹಾಕಿದೆ. ಹಾಕಿದ ಮೇಲೆ ಹ್ಯಾಂಡಲ್ ತಂದು ಅವರ ಕೈಗೆ ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಮೊದಲು ನೀನು ತಿರುಗಿಸು, ನೋಡುತ್ತೇನೆ ಎಂದರು. ತಿರುಗಿಸಿದೆ. ಮೂರನೇ ಸುತ್ತಿಗೆ ಸ್ಟಾರ್ಟ್ ಆಯಿತು. ಅವರು ಇಂಜಿನ್ ನಿಲ್ಲಿಸಿ, ಹ್ಯಾಂಡಲ್ ಇಸಿದುಕೊಂಡು, ಹೆಬ್ಬೆರಳನ್ನು ಬೆರಳುಗಳ ಪಕ್ಕಕ್ಕೆ ಇಟ್ಟು ನನಗೆ ಎತ್ತಿ ತೋರಿಸಿದರು. ಆಮೇಲೆ ತಿರುಗಿಸಿದರು.

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಸಿಟ್ಟು ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ಅದು ನಿಮ್ಮ ಹನ್ನೆರಡರ ಹಾಗೆ ಆಗುತ್ತದೆ. ನಾನು ನಗುತ್ತೇನೆ ಅಂದುಕೊಂಡಿರಲ್ಲ, ಅದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಆದರೆ ಬಹುಶಃ ನಗುತ್ತಿದ್ದೆ. ಅದೂ ನಿಜ.

ರಿಂಗ್‌ಗಳನ್ನು ಬೀರುವಿನಿಂದ ತೆಗೆದು ಗುಜರಿಗೆ ಕೊಡಬೇಡಿ. ಗೋಡೆ ಮೇಲೆ ತಿಂಗಳು ಒರೆಸುವುದನ್ನು ನಿಲ್ಲಿಸಿದ್ದೇನೆ, ಊರಿಗೆ ಬರುವ ವಿಷಯ ಈಗ ಏನೂ ಹೇಳುವುದಿಲ್ಲ. ಚಿಕ್ಕವಳಿಗೆ ಹೇಳಿ, ಔಟ್‌ಬೋರ್ಡಿಗೂ ಗ್ರೀಸ್ ಬೇಕು, ಹಗ್ಗ ಎಳೆದರೆ ಮಾತ್ರ ಸಾಲದು.

ಇನ್ನು ಮೇಲೆ ಅವಳ ಕೈಯಲ್ಲಿ ಬರೆಸಬೇಡಿ. ನಾಲ್ಕು ದಿನಕ್ಕೆ ನಾಲ್ಕು ಸಾಲಾದರೆ ನಾಲ್ಕೇ ಸಾಕು. ಎಡಗೈಯಲ್ಲಿ ಬರೆಯಿರಿ, ಒಂದನ್ನೂ ಹೊಡೆದುಹಾಕದೆ.

ದೊಡ್ಡವಳು